ಹವ್ಯಾಸಿ ರೇಡಿಯೊ: ಪೆಟ್ಟಿಗೆಗಿಂತ ತಂತಿ ಮೇಲು

ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆಯು 1983ರಲ್ಲಿ ಸ್ಥಾಪಿತವಾದುದು ನಮ್ಮ ಈ ಹೈದರಾಬಾದಿನಲ್ಲಿಯೇ ಎಂಬುದನ್ನು ವಾಚಕರಲ್ಲಿ ಅನೇಕರು ಅರಿತಿರಲಾರರು. ಲಾಭದ ಆಸೆಯಿಲ್ಲದೆ, ಸರಕಾರದ ಪರವಾನಗಿ ಪಡೆದು, ಸ್ವಂತ ನಿಲಯದಿಂದ ದೂರದವರೊಡನೆ ಸಂಭಾಷಿಸುವವರೇ ಹವ್ಯಾಸಿಗಳು. ಬಳಕೆಯ ಮಾತಿನಲ್ಲಿ ಹ್ಯಾಮ್‌ಗಳು. 2004ರ ಡಿಸೆಂಬರ್ ತಿಂಗಳಲ್ಲಿ ಈ ಸಂಸ್ಥೆಯ ಪರವಾಗಿ ಶ್ರೀಮತಿ ಭಾರತಿ ಪ್ರಸಾದರು ಅಂಡಮಾನಿನ ಪೋರ್ಟ್ ಬ್ಲೇರಿಗೆ ತೆರಳಿ, ಹೋಟೆಲೊಂದರಲ್ಲಿ ಬಿಡಾರ ಮಾಡಿ ನಿಲಯ ನಡೆಸುತ್ತಿದ್ದರು. 26ನೆಯ ತಾರೀಖು ಮುಂಜಾನೆ ಭೂಮಿ ನಡುಗಿತು. ಹಿಂದೆಯೇ ಸಮುದ್ರ ಉಕ್ಕಿತು. ದೂರವಾಣಿ ಮೂಕವಾಯಿತು. ಆಗ ಬದುಕಿ ಉಳಿದವರ ವರ್ತಮಾನವನ್ನು ಮುಖ್ಯ ಭೂಮಿಯ ಬಂಧುಗಳಿಗೆ ಮುಟ್ಟಿಸುವ ಕೆಲಸಕ್ಕೆ ಆ ನಿಲಯ ಒದಗಿತು. ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಈ ಸಂಗತಿ ವಿಶೇಷವಾಗಿ ಹಿಡಿಸೀತೆಂದು ನಮ್ಮ ಭಾವನೆ.

ತನ್ನ ನಿಲಯವನ್ನು ಉತ್ತಮಗೊಳಿಸ ಹೊರಟವನ ಕಣ್ಣು ಮೊದಲು ಹರಿಯುವುದು ಅಂಗಡಿಯಲ್ಲಿ ಮಿನುಗುವ ಹೊಸ ಪೆಟ್ಟಿಗೆಯತ್ತ. ಆದರೆ ಲೆಕ್ಕ ಬೇರೆ ಹೇಳುತ್ತದೆ. ಪ್ರಸಾರದ ಶಕ್ತಿಯನ್ನು 25 ವಾಟಿನಿಂದ 100 ವಾಟಿಗೆ ಏರಿಸಿದರೂ ಕೇಳುವವನ ಮಾಪಕದ ಮುಳ್ಳು ಮೇಲೇರುವುದು ಒಂದೇ ಅಂಕ. ಅದರಿಂದ ಗಂಟಲು ದೊಡ್ಡದಾದೀತೇ ಹೊರತು ಕಿವಿ ಚುರುಕಾಗದು. ಆಂಟೆನಾ, ಅಂದರೆ ನಮ್ಮ ಹಿರಿಯರ ಏರಿಯಲ್ಲು, ಆಡುವುದಕ್ಕೂ ಆಲಿಸುವುದಕ್ಕೂ ಒಂದೇ. 1,600 ಕಿಲೋಮೀಟರಿನಾಚೆಯ ಪೋರ್ಟ್ ಬ್ಲೇರಿನ ಕ್ಷೀಣಧ್ವನಿಯನ್ನು ಇಲ್ಲಿ ಹಿಡಿಯಬೇಕಾದರೆ ಕಿವಿಯೇ ಮುಖ್ಯವಲ್ಲವೆ? ಒಲೆ ಎಷ್ಟೇ ದೊಡ್ಡದಿರಲಿ, ಹೊಗೆಕೊಳವೆ ಗಿಡ್ಡವಾದರೆ ಅಡಿಗೆಯವನ ಕಣ್ಣು ಉರಿಯುವುದು ತಪ್ಪದು.

ಎತ್ತರದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅಡ್ಡಲಾಗಿ ಕಟ್ಟಿದ ತಂತಿ ತಗ್ಗಿನಲ್ಲಿದ್ದರೆ ಅಲೆಗಳು ನೆತ್ತಿಯತ್ತ ಏರಿ, ಮೇಲಿನ ಅಯಾನುಮಂಡಲಕ್ಕೆ ತಾಗಿ, ಕೆಲವು ನೂರು ಕಿಲೋಮೀಟರಿನೊಳಗೆ ಮರಳಿ ಇಳಿಯುತ್ತವೆ. ಹಗಲಿನಲ್ಲಿ ಬೆಂಗಳೂರಿನೊಡನೆ ಮಾತನಾಡಲು ಇದೇ ಲೇಸು. 7 ಮೆಗಾಹರ್ಟ್ಸಿಗೆ ಸುಮಾರು 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಗೆ ಕೇಬಲ್ ಜೋಡಿಸಿ, ಮಾಳಿಗೆಯ ಕಂಬದಿಂದ ಎರಡೂ ಬದಿಗೆ ಇಳಿಜಾರಾಗಿ ಕಟ್ಟಿದರೆ ಸಾಕು. ಗೋಪುರದ ಖರ್ಚು ವ್ಯರ್ಥ. ದೂರದೇಶ ಬೇಕೆಂಬವನ ಮಾತು ಬೇರೆ. ಆತನ ಅಲೆ ದಿಗಂತದತ್ತ ಬಾಗಬೇಕು. ಅದಕ್ಕೆ 14 ಮೆಗಾಹರ್ಟ್ಸಿನಲ್ಲಿ 10 ಮೀಟರ್, ಅನುಕೂಲವಿದ್ದರೆ 20 ಮೀಟರ್ ಎತ್ತರ ಬೇಕಾದೀತು. ಅದರ ತುದಿಯಲ್ಲಿ ಮೋಟಾರಿನಿಂದ ದಿಕ್ಕಿಗೆ ತಿರುಗುವ ಕಡ್ಡಿಗಳ ಆಂಟೆನಾ ಇರಿಸುವರು. 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಎಂಬ ಪಂಡಿತರು ಪ್ರಕಟಪಡಿಸಿದ ರಚನೆಯಿದು. ಹಿಂದೆ ದೂರದರ್ಶನಕ್ಕೆಂದು ಮನೆಮನೆಯ ಮೇಲೆ ಕಾಣುತ್ತಿದ್ದುದೂ ಇದೇ ಜಾತಿಯದು.

ಗೋಪುರವೆಂದರೆ ಹುಡುಗಾಟವಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುವುದು. ಎಪ್ರಿಲ್, ಮೇ ತಿಂಗಳ ನಮ್ಮ ಬಿರುಗಾಳಿಯನ್ನು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಮೂರು ದಿಕ್ಕಿಗೂ ಸಮಾನ ಅಂತರದಲ್ಲಿ ಬಿಗಿತಂತಿಗಳನ್ನು ಕಟ್ಟಬೇಕು. ಮಾಳಿಗೆಯ ಇಟ್ಟಿಗೆಯ ಕೈಪಿಡಿಗೋಡೆಗೆ ಅವನ್ನು ಬಿಗಿಯುವವರುಂಟು, ಅದು ಅಪಾಯ. ಗೋಪುರ ಉರುಳಿದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಮಾಳಿಗೆಯಲ್ಲಿ ಕಬ್ಬಿಣದ ಕೊಳವೆಯನ್ನು ಎತ್ತುವಾಗ ಅದು ಬೀದಿಯ ತಂತಿಗೆ ತಗುಲಿದರೆ ಹಿಡಿದವನ ಪ್ರಾಣಕ್ಕೇ ಕುತ್ತು. ಸೊಂಟಕ್ಕೆ ಪಟ್ಟಿ ಕಟ್ಟದೆ, ಕೆಳಗೆ ಒಬ್ಬನನ್ನು ನಿಲ್ಲಿಸದೆ ಏರಕೂಡದು. ಸಿಡಿಲಿನಿಂದ ರಕ್ಷಣೆಗಾಗಿ ಭೂಸಂಪರ್ಕ ಬೇಕು. ಇಲ್ಲಿನ ನೆಲವೋ ಕಗ್ಗಲ್ಲು. ಗುಂಡಿ ತೋಡಿ ಇದ್ದಲು, ಉಪ್ಪು ತುಂಬಿ, ಬೇಸಗೆಯಲ್ಲಿ ನೀರೆರೆಯಬೇಕಾಗುತ್ತದೆ.

ಇಷ್ಟಕ್ಕೆಲ್ಲ ಹಣವಿಲ್ಲದವರು ಹಳೆಯ ಕೇಬಲನ್ನಾದರೂ ಪರೀಕ್ಷಿಸಲಿ. ಮಳೆನೀರು ಒಳಹೊಕ್ಕ ಕೇಬಲು ಶಕ್ತಿಯನ್ನು ದಾರಿಯಲ್ಲಿಯೇ ನುಂಗುತ್ತದೆ. ಬಾಡಿಗೆ ಕೋಣೆಯಲ್ಲಿರುವ ನಮ್ಮ ಗುಮಾಸ್ತ ಬಂಧುಗಳು ತಂತಿ ಕೊಳ್ಳುವ ಮೊದಲು ಮಾಳಿಗೆಯ ಯಜಮಾನರ ಒಪ್ಪಿಗೆಯನ್ನು ಪಡೆಯತಕ್ಕದ್ದು.