ಹಳೆಯ ಕಾರಿನ ಕಾಲಡಿಗೆ ಹೊಸ ಹಾಸು

ಧರ್ಮಸ್ಥಳಕ್ಕೆ ಹೋದವರು ದೇವರ ದರ್ಶನ, ಪ್ರಸಾದ ಭೋಜನ ಮುಗಿಸಿ ಮಂಜೂಷಾ ವಸ್ತುಸಂಗ್ರಹಾಲಯವನ್ನೂ ಹಳೆಯ ಕಾರುಗಳ ಸಂಗ್ರಹವನ್ನೂ ನೋಡದೆ ಬರುವುದು ಕಡಿಮೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಈ ಸಂಗ್ರಹದ ಮುಂದೆ ಮಕ್ಕಳು ನಿಂತರೆ ಸುಲಭಕ್ಕೆ ಹೊರಡುವುದಿಲ್ಲ. ದೊಡ್ಡ ದೊಡ್ಡ ದೀಪಗಳು, ಉದ್ದನೆಯ ಬಾನೆಟ್ಟು, ಫಳಫಳ ಹೊಳೆಯುವ ಬಣ್ಣ ಎಲ್ಲರ ಕಣ್ಣು ಸೆಳೆಯುತ್ತವೆ. ಆದರೆ ಬಾಗಿಲ ಗಾಜಿನಿಂದ ಒಳಗಿಣುಕಿ, ಕಾಲಿಡುವ ಜಾಗ ಹೇಗಿದೆ ಎಂದು ನೋಡುವವರು ಎಷ್ಟು ಮಂದಿ?

ಹಳೆಯ ಕಾರಿನ ಆಯುಷ್ಯ ನಿರ್ಧಾರವಾಗುವುದು ಹೆಚ್ಚಾಗಿ ಅಲ್ಲೇ. ಎಂಜಿನ್ ಕೆಟ್ಟರೆ ಸದ್ದು ಮಾಡಿ ತಿಳಿಸುತ್ತದೆ. ಬಣ್ಣ ಹೋದರೆ ಕಣ್ಣಿಗೆ ಕಾಣುತ್ತದೆ. ಕಾರ್ಪೆಟ್ಟಿನ ಅಡಿಯಲ್ಲಿ ತಗಡು ತುಕ್ಕು ಹಿಡಿಯುವುದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ನೆಲದಲ್ಲಿ ತೂತು ಬಿದ್ದಿರುತ್ತದೆ!

ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಂತೂ ಈ ತೊಂದರೆ ಹೆಚ್ಚು. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಐದು ಲಕ್ಷಕ್ಕೂ ಮಿಕ್ಕಿ ತಯಾರಾದ ಈ ಕಾರಿನ ತೆರೆದ ಮಾದರಿಗೆ ತಗಡಿನ ಮಾಡಿಲ್ಲ, ಮಡಚುವ ಬಟ್ಟೆಯ ಹೊದಿಕೆ. ಎಷ್ಟೇ ಬಿಗಿಯಾಗಿ ಹಾಕಿದರೂ ಅದರ ಅಂಚಿನಿಂದ ನೀರು ಜಿನುಗುವುದುಂಟು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಅಂಥ ಕಾರೊಂದು ಆಟಿ ತಿಂಗಳು ಕಳೆಯುವುದೆಂದರೆ ಸಣ್ಣ ಮಾತೇ?

ಕಬ್ಬಿಣ, ನೀರು, ಗಾಳಿ

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕೆಂದು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಉಪ್ಪಿನಂಶ ಸೇರಿದರೆ ಆ ಕ್ರಿಯೆ ಇನ್ನೂ ಚುರುಕು. ಒದ್ದೆಯಾದ ಕಾರ್ಪೆಟ್ಟು ಮಾಡುವ ಕೆಲಸವಿಷ್ಟೇ: ನೀರನ್ನು ತಗಡಿಗೆ ಒತ್ತಿ ಹಿಡಿದು, ಒಣಗಲು ಬಿಡದಿರುವುದು. ಮೇಲೆ ಮುಟ್ಟಿದರೆ ಒಣಗಿದಂತೆ ಕಂಡರೂ ಅಡಿಯ ಸೆಣಬಿನ ಪದರ ವಾರಗಟ್ಟಲೆ ತೇವವಾಗಿರುತ್ತದೆ. ಮುಗ್ಗಲು ವಾಸನೆ, ಬೂಸಲು ಅದರ ಮೊದಲ ಸೂಚನೆ.

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ನೆರೆ ಬಂದದ್ದು ಎಲ್ಲರಿಗೂ ನೆನಪಿದೆ. ನೇತ್ರಾವತಿ ಉಕ್ಕಿ ಬಂಟ್ವಾಳ ಪೇಟೆಗೆ ನುಗ್ಗಿದ 1923 ಮತ್ತು 1974ರ ನೆರೆಗಳ ಕಥೆ ಹಿರಿಯರಿಂದ ಇಂದಿನವರೆಗೂ ಬಂದಿದೆ. ನೆರೆನೀರು ಹೊಕ್ಕ ವಾಹನ ಹೊಸದಿರಲಿ, ಹಳೆಯದಿರಲಿ, ಸೀಟು ಬಿಚ್ಚಿ ಕಾರ್ಪೆಟ್ಟು ಎತ್ತಿ ಒಣಗಿಸದಿದ್ದರೆ ಅದರ ನೆಲ ಉಳಿಯದು. ಆದ್ದರಿಂದ ಇದು ಶ್ರೀಮಂತರ ಹವ್ಯಾಸದ ಕಾರಿಗೆ ಮಾತ್ರ ಸಂಬಂಧಿಸಿದ ವಿಷಯ ಎಂದುಕೊಳ್ಳಬೇಕಾಗಿಲ್ಲ.

ಮೊದಲು ಬಿಚ್ಚುವುದು

ಕಾರ್ಪೆಟ್ಟು ಹಾಕುವುದೆಂದರೆ ಮನೆಯಲ್ಲಿ ಚಾಪೆ ಹಾಸಿದಂತಲ್ಲ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಬಳಿಕ ಸೀಟುಗಳು, ಬಾಗಿಲ ಹೊಸ್ತಿಲಿನ ಪಟ್ಟಿ, ಗೇರ್ ಸನ್ನೆಯ ಬುಡದ ಚರ್ಮ, ಸೀಟ್ ಬೆಲ್ಟಿನ ಬೋಲ್ಟು ಹೀಗೆ ಒಂದೊಂದೇ ಬಿಚ್ಚಬೇಕು. ಪ್ರತಿಯೊಂದರ ಸ್ಕ್ರೂ, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬದಲ್ಲಿಟ್ಟು ಹೆಸರು ಬರೆಯಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಬಿಚ್ಚುವ ಮುಂಚೆ ನಾಲ್ಕು ಫೋಟೋ ತೆಗೆದುಕೊಂಡರೆ ತಿರುಗಿ ಜೋಡಿಸುವಾಗ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಹಳೆಯ ಕಾರ್ಪೆಟ್ಟು ಎಷ್ಟೇ ಕೊಳೆತಿರಲಿ, ಕೂಡಲೇ ಎಸೆಯಬಾರದು. ಹೊಸದನ್ನು ಕತ್ತರಿಸಲು ಅದೇ ಅಳತೆ. ಎಡ, ಬಲ, ಮುಂದೆ, ಹಿಂದೆ ಎಂದು ಪ್ರತಿ ತುಂಡಿನ ಹಿಂಬದಿಗೆ ಸೀಮೆಸುಣ್ಣದಲ್ಲಿ ಬರೆದಿಡಬೇಕು. ಎಂ.ಜಿ.ಬಿ.ಯಂಥ ಕಾರುಗಳಿಗೆ ವಿದೇಶದಲ್ಲಿ ಸಿದ್ಧ ಕಾರ್ಪೆಟ್ ಸೆಟ್ಟುಗಳು ಸಿಗುತ್ತವೆ, ನಿಜ. ಆದರೆ ಆ ಕಾರುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಅಲ್ಲಿ ಚಾಲಕ ಕೂರುವುದು ಎಡಗಡೆ, ನಮ್ಮಲ್ಲಿ ಬಲಗಡೆ. ಅಲ್ಲಿಯ ಸೆಟ್ಟನ್ನು ನೋಡದೆ ತರಿಸಿದರೆ ಹಿಮ್ಮಡಿ ಊರುವ ಗಟ್ಟಿ ಪಟ್ಟಿ ಪಕ್ಕದವರ ಕಾಲಡಿಗೆ ಬಂದೀತು!

ನೆಲ ಬರಿದಾದ ಮೇಲೆ ನಿಜವಾದ ಪರೀಕ್ಷೆ. ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ ಕುಟ್ಟಿ ನೋಡಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದ ತಗಡು ಮೆತ್ತಗೆ ಕುಸಿಯುತ್ತದೆ. ಕುಸಿದ ಕಡೆ ಟಿಂಕರಿಂಗಿನವರಿಂದ ಹೊಸ ತಗಡು ಬೆಸೆಯಿಸದೆ ಮುಂದೆ ಹೋಗಬಾರದು. ಉಳಿದ ಕಡೆ ತಂತಿ ಬ್ರಶ್ಶಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಬೇಕು. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನೂ ಈಗಲೇ ಪತ್ತೆ ಮಾಡಬೇಕು. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡುವುದು, ಇನ್ನೊಬ್ಬರು ಒಳಗೆ ಟಾರ್ಚು ಹಿಡಿದು ನೋಡುವುದು. ಮುಂದಿನ ಗಾಜಿನ ರಬ್ಬರು, ಬಾಗಿಲ ರಬ್ಬರು, ಬಟ್ಟೆ ಹೊದಿಕೆಯ ಅಂಚು ಇವೇ ಸಾಮಾನ್ಯ ಕಳ್ಳದಾರಿಗಳು. ಸೋರುವ ಮಾಡಿನಡಿಯಲ್ಲಿ ಹೊಸ ಚಾಪೆ ಹಾಸಿ ಏನು ಪ್ರಯೋಜನ?

ದರ್ಜಿಯ ಕತ್ತರಿ, ಗಣಿತಜ್ಞನ ಸೂತ್ರ

ಇನ್ನು ಕತ್ತರಿಸುವ ಕೆಲಸ. ಅನುಭವಿಗಳು ಮೊದಲು ಕಾರ್ಪೆಟ್ಟಿಗೆ ಕತ್ತರಿ ಹಾಕುವುದಿಲ್ಲ, ಕಾಗದಕ್ಕೆ ಹಾಕುತ್ತಾರೆ. ಕಂದು ಕಾಗದವನ್ನೋ ಹಳೆಯ ಪತ್ರಿಕೆಯನ್ನೋ ಕಾರಿನ ನೆಲಕ್ಕೆ ಒತ್ತಿ, ಅಂಚುಗಳನ್ನು ಬೆರಳಿನಿಂದ ತೀಡಿ ಗುರುತು ಮಾಡಿ ಮಾದರಿ ತೆಗೆಯುತ್ತಾರೆ. ಈ ಮಾದರಿಯನ್ನು ಕಾರ್ಪೆಟ್ಟಿನ ಹಿಂಬದಿಗೆ ಇಟ್ಟು ಗೆರೆ ಎಳೆಯುವಾಗ ಅದನ್ನು ಮಗುಚಿಡಬೇಕು. ಮಗುಚಲು ಮರೆತರೆ ಎಡದ್ದು ಬಲದ್ದಾಗುತ್ತದೆ. ಕನ್ನಡಿಯ ಪ್ರತಿಬಿಂಬದ ಪಾಠ ಇಲ್ಲಿ ದುಡ್ಡಿನ ಲೆಕ್ಕದಲ್ಲಿ ಮನದಟ್ಟಾಗುತ್ತದೆ! ಎಲ್ಲ ತುಂಡುಗಳಲ್ಲೂ ಎಳೆಗಳು ಒಂದೇ ದಿಕ್ಕಿಗೆ ಮಲಗಿರಬೇಕು. ಇಲ್ಲವಾದರೆ ಒಂದೇ ಥಾನಿನ ಬಟ್ಟೆಯೂ ಬಿಸಿಲಿಗೆ ಎರಡು ಬಣ್ಣವಾಗಿ ಕಾಣುತ್ತದೆ. ಅಂಚಿನಲ್ಲಿ ಸ್ವಲ್ಪ ಹೆಚ್ಚು ಬಿಟ್ಟೇ ಕತ್ತರಿಸಬೇಕು. ಹೆಚ್ಚಾದದ್ದನ್ನು ತೆಗೆಯಬಹುದು, ಕಡಿಮೆಯಾದದ್ದನ್ನು ಸೇರಿಸಲಾಗದು.

ಸ್ಪೋರ್ಟ್ಸ್ ಕಾರಿನ ನಡುವೆ ಗೇರ್‌ಬಾಕ್ಸನ್ನು ಮುಚ್ಚುವ ಒಂದು ದಿಬ್ಬವಿರುತ್ತದೆ. ಹಿಂದಿನ ಭಾಗ ಕೊಳವೆಯಂತೆ, ಮುಂದೆ ಎಂಜಿನ್ನಿನ ಕಡೆ ಗುಮ್ಮಟದಂತೆ. ಕೊಳವೆಯಂಥ ಭಾಗಕ್ಕೆ ಚಪ್ಪಟೆ ಬಟ್ಟೆ ಸಲೀಸಾಗಿ ಸುತ್ತಿಕೊಳ್ಳುತ್ತದೆ. ಗುಮ್ಮಟದ ಮೇಲೆ ಎಷ್ಟು ಎಳೆದರೂ ಸುಕ್ಕು ಬೀಳುತ್ತದೆ. ಯಾಕೆ? ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಲು ಪ್ರಯತ್ನಿಸಿ ನೋಡಿ, ಉತ್ತರ ಸಿಗುತ್ತದೆ. ಗೋಲದ ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ ಚಪ್ಪಟೆ ಮಾಡಲಾಗದೆಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಕೊಟ್ಟ ಪ್ರಮೇಯದಿಂದ ಸಿದ್ಧವಾಗುತ್ತದೆ. ಭೂಪಟಗಳಲ್ಲಿ ದೇಶಗಳ ಆಕಾರ ಕೆಡುವುದೂ ಇದೇ ಕಾರಣಕ್ಕೆ. ರವಿಕೆ ಹೊಲಿಯುವ ದರ್ಜಿಗೆ ಗೌಸ್ ಯಾರೆಂದು ತಿಳಿದಿರಲಿಕ್ಕಿಲ್ಲ, ಆದರೆ ಬಟ್ಟೆಯಲ್ಲಿ ಮೂಲೆಯಾಕಾರ ಹಿಡಿದು ಹೊಲಿದು ಉಬ್ಬು ತರಿಸುವುದು ಗೊತ್ತು. ಕುಶನ್ ಕೆಲಸದವರು ದಿಬ್ಬದ ಮೇಲೆ ಮಾಡುವುದೂ ಅದನ್ನೇ. ಹೊಸ ಕಾರುಗಳ ಕಾರ್ಪೆಟ್ಟನ್ನು ಕಾರ್ಖಾನೆಯಲ್ಲೇ ಬಿಸಿ ಅಚ್ಚಿನಲ್ಲಿ ಒತ್ತಿ ಆಕಾರ ಕೊಡುವುದರಿಂದ ಈ ಹೊಲಿಗೆ ಅವುಗಳಲ್ಲಿ ಕಾಣುವುದಿಲ್ಲ.

ಯಾವ ಬಟ್ಟೆ? ಹಿಂದಿನ ದುಬಾರಿ ಕಾರುಗಳಲ್ಲಿ ಉಣ್ಣೆಯ ವಿಲ್ಟನ್ ಕಾರ್ಪೆಟ್ಟು ಇರುತ್ತಿತ್ತು. ವಿಲ್ಟನ್ ಇಂಗ್ಲೆಂಡಿನ ಒಂದು ಊರಿನ ಹೆಸರು. ಉಣ್ಣೆ ನೋಡಲು ಚೆಂದ, ಬೆಂಕಿಗೆ ಬೇಗ ಬಲಿಯಾಗದು, ಆದರೆ ತೇವ ಹೀರುತ್ತದೆ. ಪಾಲಿಪ್ರೊಪಿಲೀನ್ ನೀರು ಹೀರದು, ಆದರೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿ ಹೊಗೆಕೊಳವೆಯ ಸಮೀಪ ಹಾಕುವಾಗ ಇದು ನೆನಪಿರಬೇಕು. ಅಡಿಯ ಪದರಕ್ಕೆ ಸೆಣಬಿಗಿಂತ ನೀರು ಕುಡಿಯದ ಮುಚ್ಚುರಂಧ್ರದ ಫೋಮ್ ನಮ್ಮ ಹವೆಗೆ ಒಳ್ಳೆಯದು. ಕಾರಿನೊಳಗಿನ ಬಟ್ಟೆ ಎಷ್ಟು ವೇಗದಲ್ಲಿ ಉರಿಯಬಹುದೆಂಬುದಕ್ಕೂ ಮಿತಿಯಿದೆ. ಅಮೆರಿಕದಲ್ಲಿ 1972ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಅದು ನಿಮಿಷಕ್ಕೆ 102 ಮಿಲಿಮೀಟರ್ ಮೀರಬಾರದು. ಮನೆಯ ಅಲಂಕಾರದ ಜಮಖಾನೆಯ ತುಂಡನ್ನು ಕಾರಿಗೆ ಹಾಕುವ ಮೊದಲು ಇದನ್ನು ಯೋಚಿಸಬೇಕು.

ಅಂಟಿಸುವ ಕ್ರಮ

ಮೊದಲು ನಡುವಿನ ದಿಬ್ಬ, ಆಮೇಲೆ ಹೊಸ್ತಿಲು ಮತ್ತು ಪಕ್ಕದ ಗೋಡೆಗಳು, ಹಿಂದಿನ ಕಟ್ಟೆ, ಕೊನೆಗೆ ನೆಲ. ಇದು ಕ್ರಮ. ರಬ್ಬರ್ ಗಮ್ಮನ್ನು ತಗಡಿಗೂ ಬಟ್ಟೆಯ ಹಿಂಬದಿಗೂ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಈ ಗಮ್ಮಿನ ಆವಿ ಬೆಂಕಿ ಹಿಡಿಯುವಂಥದ್ದು, ತಲೆಸುತ್ತು ತರುವಂಥದ್ದು. ಬಾಗಿಲು ತೆರೆದಿಟ್ಟು, ಹತ್ತಿರ ಬೀಡಿ-ಸಿಗರೇಟು ಸುಳಿಯದಂತೆ ನೋಡಿ, ದೊಡ್ಡವರ ಕಣ್ಗಾವಲಿನಲ್ಲೇ ಮಕ್ಕಳು ಈ ಕೆಲಸಕ್ಕೆ ಕೈ ಹಾಕಬೇಕು. ತೇವದ ಹವೆಯಲ್ಲಿ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ. ಆದ್ದರಿಂದ ನಮ್ಮ ಊರಿನಲ್ಲಿ ಈ ಕೆಲಸಕ್ಕೆ ಕಾಲವೆಂದರೆ ದೀಪಾವಳಿ ಕಳೆದ ಮೇಲೆ. ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮೊದಲೇ ಮುಗಿಸಿಬಿಡಬೇಕು.

ನೆಲದ ತುಂಡುಗಳನ್ನು ಮಾತ್ರ ಅಂಟಿಸಬಾರದು. ಅವುಗಳಿಗೆ ಪ್ರೆಸ್ ಬಟನ್ ಹಾಕಿದರೆ ಮಳೆಗಾಲದಲ್ಲಿ ಎತ್ತಿ ಒಣಗಿಸಬಹುದು. 1974ರವರೆಗಿನ ಎಂ.ಜಿ.ಬಿ.ಯಲ್ಲಿ ಆರು ವೋಲ್ಟಿನ ಎರಡು ಬ್ಯಾಟರಿಗಳು ಸೀಟಿನ ಹಿಂದೆ, ಮುಚ್ಚಳವೊಂದರ ಅಡಿಯಲ್ಲಿರುತ್ತಿದ್ದವು. ಅಲ್ಲಿಯ ಕಾರ್ಪೆಟ್ಟೂ ಏಳುವಂತಿರಬೇಕು. ಸೀಟಿನ ಬೋಲ್ಟಿಗೆ ತೂತು ಮಾಡಲು ಕಾರ್ಪೆಟ್ಟಿನ ಮೇಲೆ ಡ್ರಿಲ್ ಇಟ್ಟರೆ ಎಳೆ ಸುತ್ತಿಕೊಂಡು ಉದ್ದಕ್ಕೂ ಬಿಚ್ಚಿಬರುತ್ತದೆ. ಕೆಳಗಿನಿಂದ ದಬ್ಬಳ ಚುಚ್ಚಿ ಜಾಗ ಗುರುತಿಸಿ, ಮೇಲಿನಿಂದ ಪಂಚ್ ಹೊಡೆಯುವುದು ಸರಿಯಾದ ದಾರಿ.

ಪೆಡಲಿನ ಪರೀಕ್ಷೆ

ಕೆಲಸ ಮುಗಿಯಿತು ಎನ್ನುವ ಮುನ್ನ ಒಂದು ಪರೀಕ್ಷೆ ಉಳಿದಿದೆ. ಎಂಜಿನ್ ನಿಲ್ಲಿಸಿಯೇ ಆಕ್ಸಿಲರೇಟರ್, ಬ್ರೇಕ್, ಕ್ಲಚ್ ಮೂರನ್ನೂ ಕೊನೆಯವರೆಗೆ ಒತ್ತಿ ಬಿಡಬೇಕು. ಕಾರ್ಪೆಟ್ಟಿನ ಅಂಚಾಗಲಿ ಮೇಲಿನ ಮ್ಯಾಟ್ ಆಗಲಿ ಎಲ್ಲೂ ತಾಗಬಾರದು. 2009ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಕಾರೊಂದರ ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು ಒಳಗಿದ್ದ ನಾಲ್ವರೂ ಸತ್ತರು. ಆ ಕಾರಿಗೆ ಹಾಕಿದ್ದು ಬೇರೆ ಮಾದರಿಯ ಕಾರಿನ ಮ್ಯಾಟು! ಇದಾದ ಮರುತಿಂಗಳೇ ಟೊಯೋಟ ಕಂಪೆನಿ ಸುಮಾರು 38 ಲಕ್ಷ ವಾಹನಗಳ ಮ್ಯಾಟುಗಳ ಬಗ್ಗೆ ಎಚ್ಚರಿಕೆ ಕೊಟ್ಟು ಅವನ್ನು ಹಿಂದಕ್ಕೆ ಕರೆಸಬೇಕಾಯಿತು. ನಿಮ್ಮ ಮನೆಯ ಕಾರಿನಲ್ಲಿ ಒಂದರ ಮೇಲೊಂದು ಮ್ಯಾಟು ಹಾಕಿದ್ದರೆ ಇವತ್ತೇ ಒಂದನ್ನು ತೆಗೆಯಿರಿ.

ಹಳೆಯದನ್ನು ಉಳಿಸುವ ಬುದ್ಧಿ

2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ಮೀರಿದ, ಮೂಲರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಆಗದ ವಾಹನಗಳು ಮಾತ್ರ ಈ ನಿಯಮದಡಿ ವಿಂಟೇಜ್ ಎನಿಸುತ್ತವೆ. ಮೂಲರೂಪಕ್ಕೆ ಕಾನೂನಿನಲ್ಲೂ ಬೆಲೆ ಬಂದಿದೆ ಎಂದಾಯಿತು. ಹಳೆಯ ಕಾರ್ಪೆಟ್ಟಿನ ಒಂದು ತುಂಡನ್ನಾದರೂ ಎತ್ತಿಡುವುದು, ಮುಂದಿನವರು ಬಿಚ್ಚಬಹುದಾದ ರೀತಿಯಲ್ಲಿ ಹೊಸದನ್ನು ಹಾಕುವುದು ಈ ಕಾರಣಕ್ಕೂ ಒಳ್ಳೆಯದು. ನಮ್ಮ ಊರಿಗೆ ಇದೇನೂ ಹೊಸ ಬುದ್ಧಿಯಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಮಳೆಗಾಲಗಳನ್ನು ದಾಟಿ ಉಳಿದಿರುವುದು, ತೇವಕ್ಕೂ ಹುಳಕ್ಕೂ ಬಲಿಯಾಗದಂತೆ ಅವನ್ನು ಕಾಯ್ದುಕೊಂಡವರ ಶ್ರದ್ಧೆಯಿಂದಲೇ ಅಲ್ಲವೇ?

ಪಾಲಕರಿಗೆ ಒಂದು ಮಾತು. ಪಿ.ಯು.ಸಿ. ಮುಗಿಸಿದ ಮಗ ಕುಶನ್ ಅಂಗಡಿಯಲ್ಲಿ ಕೆಲಸ ಕಲಿಯುತ್ತೇನೆ ಎಂದರೆ ಮನೆಯಲ್ಲಿ ಮುಖ ಸಣ್ಣದಾಗುತ್ತದೆ. ಇಂಜಿನಿಯರಿಂಗ್ ಸೀಟಿಗಾಗಿ ಸಾಲ ಮಾಡಲು ಸಿದ್ಧರಿರುವವರು ಹೊಲಿಗೆ ಯಂತ್ರಕ್ಕೆ ಹಣ ಹಾಕಲು ಹಿಂಜರಿಯುತ್ತಾರೆ. ಆದರೆ ಬಿ.ಸಿ. ರೋಡಿನಂಥ ಪೇಟೆಯಲ್ಲಿ ದಿನಕ್ಕೆ ಓಡಾಡುವ ಬಸ್ಸು, ಜೀಪು, ರಿಕ್ಷಾಗಳನ್ನು ಎಣಿಸಿ ನೋಡಿ. ಅವುಗಳ ಸೀಟು ಹರಿಯುತ್ತವೆ, ಹೊದಿಕೆ ಸೋರುತ್ತವೆ, ನೆಲ ತುಕ್ಕು ಹಿಡಿಯುತ್ತದೆ. ಹಳೆಯ ಕಾರಿನ ಕೆಲಸ ಅಪರೂಪಕ್ಕೆ ಬರುವಂಥದ್ದು. ಆದರೆ ಅದನ್ನು ಮಾಡಬಲ್ಲ ಕೈಗೆ ಉಳಿದ ಯಾವ ಕೆಲಸವೂ ಕಷ್ಟವಲ್ಲ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗ ಮಾಡಬಯಸುವ ಯುವಕ ಯುವತಿಯರಿಗೆ ಉಚಿತವಾಗಿ ತರಬೇತಿ ಕೊಡುತ್ತ ಬಂದಿದೆ. ಅದರ ಮಾದರಿಯನ್ನು ಬಳಿಕ ದೇಶದ ಉದ್ದಗಲಕ್ಕೂ ಅನುಸರಿಸಲಾಯಿತು. ಹೊಲಿಗೆ ಕಲಿತ ಹುಡುಗಿಗೂ ಈ ಕಸುಬು ದೂರದ್ದಲ್ಲ. ಯಂತ್ರ ಸ್ವಲ್ಪ ದೊಡ್ಡದು, ಸೂಜಿ ಸ್ವಲ್ಪ ದಪ್ಪ, ಅಷ್ಟೆ.

ವಿದ್ಯಾರ್ಥಿಗಳು ಇದರಲ್ಲಿ ಕಲಿಯುವುದಕ್ಕೇನಿದೆ ಎಂದು ಕೇಳಬಹುದು. ತುಕ್ಕಿನ ರಸಾಯನ, ಗುಮ್ಮಟದ ಜ್ಯಾಮಿತಿ, ಕನ್ನಡಿ ಪ್ರತಿಬಿಂಬ, ಬಟ್ಟೆ ಕರಗುವ ಬಿಸಿ, ಇವೆಲ್ಲ ಎರಡು ಸೀಟಿನ ಒಂದು ಕಾರಿನ ನೆಲದಲ್ಲೇ ಇವೆ. ರಜೆಯಲ್ಲಿ ಒಂದು ವಾರ ಹತ್ತಿರದ ಕುಶನ್ ಅಂಗಡಿಯಲ್ಲಿ ಕುಳಿತು ಕಾಗದದ ಮಾದರಿ ತೆಗೆಯುವುದನ್ನಾದರೂ ನೋಡಿ ಬನ್ನಿ. ಮುಂದೆ ನೀವು ಇಂಜಿನಿಯರ್ ಆದರೂ, ಡಾಕ್ಟರ್ ಆದರೂ, ಕತ್ತರಿ ಹಾಕುವ ಮೊದಲು ಎರಡು ಸಲ ಅಳೆಯುವ ಅಭ್ಯಾಸ ನಷ್ಟ ತರುವುದಿಲ್ಲ.