ಕಾರಿನ ಪಂಪು ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ನಮ್ಮ ಕಡೆ ಬೋರ್‌ವೆಲ್‌ನಲ್ಲಿ ನೀರು ಬರದಿದ್ದರೆ ಯಾರೂ ಕೂಡಲೇ ಮೋಟಾರು ಮೇಲೆತ್ತುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ಸ್ಟಾರ್ಟರ್ ಸರಿ ಇದೆಯಾ ಅಂತ ಮೊದಲು ನೋಡ್ತಾರೆ. ಕಾರಿನ ಪೆಟ್ರೋಲ್ ಪಂಪಿಗೂ ಇದೇ ಲೆಕ್ಕ. ಪಂಪು ಅಂದರೆ ಶಿಕಾರಿಪುರದ ಬಂಕ್ ಅಲ್ಲ, ಕಾರಿನ ಒಳಗೇ ಇರುವ ಸಣ್ಣ ಪಂಪು.

ಹೋದ ಮಳೆಗಾಲದಲ್ಲಿ ನಮ್ಮ ಅಜ್ಜಿಗೆ ಉಬ್ಬಸ ಜಾಸ್ತಿ ಆಗಿ, ಮಾವನ ಹಳೇ ಕಾರಿನಲ್ಲಿ ಆಸ್ಪತ್ರೆಗೆ ಹೊರಟೆವು. ಅಂಬ್ಲಿಗೊಳ ಡ್ಯಾಂ ಹತ್ತಿರ ಕಾರು ನಿಂತೇ ಹೋಯಿತು. ಕೀ ತಿರುಗಿಸಿದರೆ ಇಂಜಿನ್ ತಿರುಗುತ್ತಿತ್ತು, ಆದರೆ ಸ್ಟಾರ್ಟ್ ಆಗ್ತಿರಲಿಲ್ಲ. ಅಜ್ಜಿ ಉಸಿರಿಗೆ ಒದ್ದಾಡುತ್ತಿದ್ದರು. ದೇವರ ದಯೆ, ಹಿಂದೆ ಒಂದು ಟೆಂಪೋ ಬಂತು. ಅಜ್ಜಿ ಹುಷಾರಾದರು.

ಆಮೇಲೆ ಒಬ್ಬರು ಕಾರನ್ನು ಸರಿಯಾಗಿ ನೋಡದೆಯೇ “ಪಂಪು ಹೋಗಿದೆ, ಹೊಸದು ಹಾಕಿ” ಅಂದರು. ಮಾವ ಶುಂಠಿ ಮಾರಿದ ದುಡ್ಡು ತೆಗೆದಿಟ್ಟರು. ಆದರೆ ಪಕ್ಕದ ಊರಿನ ಮೆಕ್ಯಾನಿಕ್ ಅಣ್ಣ “ಮೊದಲು ಪರೀಕ್ಷೆ, ಆಮೇಲೆ ದುಡ್ಡು” ಅಂದರು. ಅವರು ಮಾಡಿದ್ದನ್ನು ನಾನು ಬರೆದುಕೊಂಡೆ.

ಅಂಬಾಸಿಡರ್ ಮತ್ತು 1983ರಲ್ಲಿ ಬಂದ ಮಾರುತಿ 800ರಂಥ ಹಳೇ ಕಾರುಗಳಲ್ಲಿ ಪಂಪು ಇಂಜಿನ್ ಪಕ್ಕದಲ್ಲೇ ಇರುತ್ತಿತ್ತು, ಇಂಜಿನ್ನೇ ಅದನ್ನು ಒತ್ತುತ್ತಿತ್ತು. ಬಿಸಿಲಿಗೆ ಪೆಟ್ರೋಲ್ ಆವಿಯಾಗಿ ಪಂಪು ಎಳೆಯದಿದ್ದರೆ ಒದ್ದೆ ಬಟ್ಟೆ ಹಾಕಿ ತಣ್ಣಗೆ ಮಾಡುತ್ತಿದ್ದರಂತೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಮುಳುಗಿರುತ್ತದೆ, ಬೋರ್ ಮೋಟಾರಿನ ಹಾಗೆ. ಅದು ಕರೆಂಟಿನಿಂದ ಓಡುತ್ತದೆ.

ಪರೀಕ್ಷೆ ಮಾಡುವ ಕ್ರಮ:

1. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಬೇಕು. ನಗಬೇಡಿ, ಮುಳ್ಳು ಸುಳ್ಳು ಹೇಳುವುದೂ ಉಂಟು.

2. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಬೇಕು. ಹಿಂದಿನ ಸೀಟಿನ ಹತ್ತಿರ ಸುಮಾರು 2 ಸೆಕೆಂಡು “ಝುಂಯ್” ಅಂತ ಸದ್ದು ಬರಬೇಕು. ಕಿವಿ ಇಟ್ಟು ಕೇಳುವ ಕೆಲಸ ನನ್ನದಾಗಿತ್ತು. ಏನೂ ಕೇಳಲಿಲ್ಲ.

3. ಸದ್ದು ಇಲ್ಲದಿದ್ದರೆ ಫ್ಯೂಸ್ ತೆಗೆದು ನೋಡಬೇಕು. ಒಳಗಿನ ತಂತಿ ಸುಟ್ಟಿದ್ದರೆ ಗೊತ್ತಾಗುತ್ತದೆ. ನಮ್ಮದು ಸರಿ ಇತ್ತು.

4. ಆಮೇಲೆ ರಿಲೇ. ಅದು ಸ್ಟಾರ್ಟರ್ ಇದ್ದ ಹಾಗೆ. ಅದೇ ಥರದ ಇನ್ನೊಂದು ರಿಲೇ ಹಾಕಿ ನೋಡಿದರು. ಆದರೂ ಸದ್ದಿಲ್ಲ.

5. ಪಂಪಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಕೀ ಆನ್ ಮಾಡಬೇಕು. ದೀಪ ಉರಿದರೂ ಪಂಪು ಓಡದಿದ್ದರೆ ಪಂಪು ಅಥವಾ ಅದರ ಅರ್ಥ್ ವೈರು ಕೆಟ್ಟಿರಬಹುದು. ಉರಿಯದಿದ್ದರೆ ಕರೆಂಟೇ ಬರುತ್ತಿಲ್ಲ.

ನಮ್ಮ ಕಾರಿನಲ್ಲಿ ದೀಪ ಉರಿಯಲಿಲ್ಲ! ಸೀಟು, ಮ್ಯಾಟು ಎತ್ತಿ ನೋಡಿದರೆ ವೈರನ್ನು ಇಲಿ ಕಡಿದಿತ್ತು. ಜೋಳದ ಚೀಲದ ಪಕ್ಕ ಕಾರು ನಿಲ್ಲಿಸಿದ ಫಲ. ವೈರು ಜೋಡಿಸಿ ಟೇಪು ಸುತ್ತಿದರು. ಕೀ ಹಾಕಿದ ಕೂಡಲೇ “ಝುಂಯ್” ಅಂತು! ಶುಂಠಿಯ ದುಡ್ಡು ಉಳಿಯಿತು.

ಸದ್ದು ಬಂದರೂ ಏರು ಹತ್ತುವಾಗ ಕಾರು ಜಗ್ಗಿದರೆ ಫಿಲ್ಟರ್ ಕಟ್ಟಿರಬಹುದು ಅಥವಾ ಒತ್ತಡ ಕಡಿಮೆ ಇರಬಹುದು. ಗೇಜ್ ಹಾಕಿ ನೋಡಬೇಕು. ಬಹಳ ಕಾರುಗಳಲ್ಲಿ ಒತ್ತಡ ಸುಮಾರು 3 ಬಾರ್ ಇರುತ್ತದೆ. ಆದ್ದರಿಂದ ಪೈಪು ಬಿಚ್ಚಿದರೆ ಪೆಟ್ರೋಲ್ ಚಿಮ್ಮುತ್ತದೆ. ಅದು ದೊಡ್ಡವರ ಕೆಲಸ, ಹತ್ತಿರ ಬೀಡಿ, ಬೆಂಕಿ ಇರಬಾರದು.

ಇನ್ನೊಂದು ಮಾತು. ಪಂಪನ್ನು ತಣ್ಣಗೆ ಇಡುವುದೂ ಪೆಟ್ರೋಲೇ. ಯಾವಾಗಲೂ ಟ್ಯಾಂಕು ಖಾಲಿ ಮಾಡಿ ಓಡಿಸಿದರೆ ಪಂಪು ಬೇಗ ಹಾಳಾಗುತ್ತದೆ. ಕಾಲು ಟ್ಯಾಂಕಾದರೂ ಇರಲಿ.

ಯಾರಾದರೂ “ಪಂಪು ಹೋಗಿದೆ” ಅಂದರೆ “ದೀಪ ಹಿಡಿದು ನೋಡಿದ್ರಾ?” ಅಂತ ಕೇಳಿ. ಮಾವ ಈಗ ಕಾರನ್ನು ಜೋಳದಿಂದ ದೂರ ನಿಲ್ಲಿಸುತ್ತಾರೆ. ಅಜ್ಜಿ ಒಂದು ಬೆಕ್ಕು ಸಾಕಿದ್ದಾರೆ.

– 7ನೇ ತರಗತಿ