ಟ್ರಂಕಿನ ತುಂಬ ಸೀರೆ, ಉಡಲು ಒಂದೂ ಇಲ್ಲ!

ಮಳಖೇಡ: ಕಾಗಿಣಾ ನದಿಯ ದಂಡೆಯಲ್ಲಿರುವ ಜಯತೀರ್ಥರ ಬೃಂದಾವನದ ದರ್ಶನಕ್ಕೆ ಬರುವ ಹಿರಿಯ ಮಹಿಳೆಯರಲ್ಲಿ ಎರಡು ಬಗೆಯವರನ್ನು ಕಾಣಬಹುದು. ಹದಿನೆಂಟು ಮೊಳದ ಹತ್ತಿ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಸಲೀಸಾಗಿ ನಡೆಯುವವರು ಕೆಲವರು. ಜಾರುವ ಸಿಂಥೆಟಿಕ್ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ, ಸೆರಗನ್ನು ಇನ್ನೊಂದು ಕೈಯಲ್ಲಿ ಹಿಡಿದು, ಬೆವರೊರೆಸಿಕೊಳ್ಳುತ್ತ ಸಾಗುವವರು ಹಲವರು. ಎರಡನೆಯವರ ಮನೆಯಲ್ಲಿ ಸೀರೆಗಳಿಗೇನೂ ಕೊರತೆ ಇರುವುದಿಲ್ಲ. ಅವರಿಗೆ ಒಗ್ಗುವ ಸೀರೆಗಳಿಗೆ ಮಾತ್ರ ಕೊರತೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಸೀಮೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ. ಇಂಥ ಬಿಸಿಲಿನಲ್ಲಿ ಅರವತ್ತು ದಾಟಿದವರ ಉಡುಗೆ ಅಂದಚಂದಕ್ಕಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿಯುವುದಿಲ್ಲ. ಅದು ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆಯೂ ಹೌದು.

ಆಯೇರಿಯ ರಾಶಿ

ಉತ್ತರ ಕರ್ನಾಟಕದಲ್ಲಿ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲಿ ಆಯೇರಿ ಮಾಡುವುದು, ಉಡಿ ತುಂಬುವುದು ಹಳೆಯ ರೂಢಿ. ಪ್ರೀತಿಯ ಈ ಸಂಪ್ರದಾಯದಿಂದಾಗಿ ಹಿರಿಯ ಹೆಣ್ಣುಮಕ್ಕಳ ಟ್ರಂಕು ತುಂಬುತ್ತಲೇ ಇರುತ್ತದೆ. ಆದರೆ ಆಯೇರಿಗೆಂದು ಸಗಟಾಗಿ ಕೊಳ್ಳುವ ಸೀರೆಗಳಲ್ಲಿ ಅಗ್ಗದ ಸಿಂಥೆಟಿಕ್ ಬಟ್ಟೆಯೇ ಹೆಚ್ಚು. ಉಡುವವರ ಎತ್ತರ, ಮೈಬಣ್ಣ, ಇಷ್ಟಾನಿಷ್ಟಗಳನ್ನು ಕೇಳುವವರು ಕಡಿಮೆ. ಹೀಗೆ ಬಂದ ಸೀರೆ ಮತ್ತೊಂದು ಮದುವೆಯಲ್ಲಿ ಆಯೇರಿಯಾಗಿ ಕೈ ಬದಲಿಸುತ್ತದೆ, ಇಲ್ಲವೇ ಪೆಟ್ಟಿಗೆಯ ತಳ ಸೇರುತ್ತದೆ.

ಹಾಗಾಗಿ ಮೊದಲ ಕೆಲಸ ಖರೀದಿಯಲ್ಲ, ವಿಂಗಡಣೆ. ಎಲ್ಲ ಸೀರೆಗಳನ್ನೂ ಹೊರತೆಗೆದು ಮೂರು ಪಾಲು ಮಾಡಬೇಕು. ಕಳೆದ ಒಂದು ವರ್ಷದಲ್ಲಿ ಇಷ್ಟಪಟ್ಟು ಉಟ್ಟವು ಒಂದು ಪಾಲು. ನೆನಪಿಗಾಗಿ ಉಳಿಸಿಕೊಳ್ಳಬೇಕಾದವು ಇನ್ನೊಂದು. ಉಳಿದವೆಲ್ಲ ಮೂರನೆಯದು. ಈ ಮೂರನೆಯ ಪಾಲಿನಲ್ಲಿ ಚೆನ್ನಾಗಿರುವುದನ್ನು ಬೇಕಾದವರಿಗೆ ಕೊಡಬಹುದು. ಹಳೆಯ ಮೆತ್ತನೆಯ ಹತ್ತಿ ಸೀರೆಗಳು ಕೌದಿಗೆ ಒದಗುತ್ತವೆ.

ಹತ್ತು ಸೀರೆಯ ಲೆಕ್ಕ

ಮನೆ, ಗುಡಿ, ಬ್ಯಾಂಕು, ಆಸ್ಪತ್ರೆ, ಮದುವೆ ಎಂದು ಓಡಾಡುವ ಹಿರಿಯ ಮಹಿಳೆಗೆ ಸುಮಾರು ಹತ್ತು ಸೀರೆಗಳಿದ್ದರೆ ಸಾಕಾಗುತ್ತದೆ. ನಿತ್ಯದ ಬಳಕೆಗೆ ಐದು ತೆಳುವಾದ ಹತ್ತಿ ಸೀರೆ, ಹೊರಗೆ ಹೋಗಲು ಮೂರು ಕೈಮಗ್ಗದ ಸೀರೆ, ಶುಭಕಾರ್ಯಗಳಿಗೆ ಎರಡು ಹಗುರ ರೇಷ್ಮೆ. ಜೊತೆಗೆ ಐದಾರು ಕುಪ್ಪಸ, ನಾಲ್ಕು ಲಂಗ, ಚಳಿಗಾಲದ ಮುಂಜಾವಿಗೆ ಒಂದು ಶಾಲು.

ಹತ್ತಿ ಬೆವರನ್ನು ಹೀರುತ್ತದೆ, ಗಾಳಿಯಾಡಲು ಬಿಡುತ್ತದೆ. ಪಾಲಿಯೆಸ್ಟರ್ ಬೆವರನ್ನು ಹೀರುವುದು ತೀರಾ ಕಡಿಮೆ. ಅಡುಗೆಮನೆಯಲ್ಲಂತೂ ಸಿಂಥೆಟಿಕ್ ಸೀರೆ ಅಪಾಯಕಾರಿ. ಬೆಂಕಿ ತಗುಲಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆಯಾದ್ದರಿಂದ ಒಲೆಯ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಅಜ್ಜಿಯರ ಅಭ್ಯಾಸ ಯಾವ ಸೀರೆಗೂ ಒಳ್ಳೆಯದು.

ಹೊರಗೆ ಉಡಲು ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಸಾಟಿಯಾದುದು ವಿರಳ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ತೋಪು ತೆನೆಯ ಸೆರಗು, ಗೋಮಿ, ಪರಾಸಪೇಟ, ಗಾಯತ್ರಿ ಮೊದಲಾದ ದಡಿಗಳು ಇದರ ಗುರುತು. ಒಡಲು ಹತ್ತಿಯದಿದ್ದರೆ ಬೆಲೆಯೂ ಹಗುರ, ಮೈಗೂ ಹಗುರ. ನೆರೆಯ ತೆಲಂಗಾಣದ ನಾರಾಯಣಪೇಟೆಯ ಸೀರೆಗಳೂ ಈ ಭಾಗದವರಿಗೆ ಅಪರಿಚಿತವಲ್ಲ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ತನ್ನ ಮಳಿಗೆಗಳಿಗೆ 'ಪ್ರಿಯದರ್ಶಿನಿ' ಎಂಬ ಹೆಸರಿಟ್ಟಿದೆ. ಕೊಳ್ಳುವಾಗ ಕೈಮಗ್ಗದ ಮುದ್ರೆಯನ್ನು ನೋಡಿಕೊಳ್ಳುವುದು ಉಡುವವರಿಗೂ ನೇಕಾರರಿಗೂ ಹಿತ.

ಕುಪ್ಪಸದ ಜಾಣತನ

ಪ್ರತಿ ಸೀರೆಗೂ ಬೇರೆ ಕುಪ್ಪಸ ಹೊಲಿಸುವುದರಿಂದಲೇ ಖರ್ಚು ಮತ್ತು ಗೊಂದಲ ಎರಡೂ ಬೆಳೆಯುತ್ತವೆ. ಸಾಂಪ್ರದಾಯಿಕ ಇಳಕಲ್ ಸೀರೆಗಳಲ್ಲಿ ಒಡಲಿನ ಬಣ್ಣ ಯಾವುದೇ ಇರಲಿ, ಸೆರಗು ಸಾಮಾನ್ಯವಾಗಿ ಕೆಂಪು. ಹೀಗಾಗಿ ಗುಳೇದಗುಡ್ಡ ಖಣದ ಒಂದು ಕಡುಗೆಂಪು ಕುಪ್ಪಸ ನಾಲ್ಕಾರು ಸೀರೆಗಳಿಗೆ ಹೊಂದುತ್ತದೆ. ಅದರೊಂದಿಗೆ ಕಪ್ಪು, ಕಡುಹಸಿರು, ಅರಿಶಿನ ಹಾಗೂ ಕೆನೆಬಣ್ಣದ ಕುಪ್ಪಸಗಳಿದ್ದರೆ ಹತ್ತು ಸೀರೆಗಳು ಹತ್ತಾರು ಬಗೆಯಾಗಿ ಕಾಣುತ್ತವೆ.

ಹೊಲಿಗೆಯಲ್ಲೂ ವಯಸ್ಸಿಗೆ ತಕ್ಕ ಬದಲಾವಣೆ ಅಗತ್ಯ. ಭುಜನೋವು ಇರುವವರಿಗೆ ಹಿಂದೆ ಹುಕ್ಕಿರುವ ಕುಪ್ಪಸ ತೊಡಕು. ಮುಂದೆ ಗುಂಡಿ ಅಥವಾ ದೊಡ್ಡ ಹುಕ್ಕು, ಮೊಣಕೈವರೆಗಿನ ಸಡಿಲ ತೋಳು, ಒಳಗೆ ಅರ್ಧ ಇಂಚು ಹೆಚ್ಚುವರಿ ಬಟ್ಟೆ ಇರಬೇಕೆಂದು ದರ್ಜಿಗೆ ಮೊದಲೇ ಹೇಳಬೇಕು. ಮುಂದೆ ಗಂಟು ಹಾಕುತ್ತಿದ್ದ ಹಳೆಯ ಕುಪ್ಪಸದಲ್ಲಿ ಇದೇ ಅನುಕೂಲವಿತ್ತು.

ಬಿಗಿದ ಲಾಡಿಯ ಅಪಾಯ

ಹೆಚ್ಚಿನವರು ಗಮನಿಸದ ಸಂಗತಿ ಲಂಗದ ಲಾಡಿ. ಮಹಾರಾಷ್ಟ್ರದ ವಾರ್ಧಾ ಹಾಗೂ ಬಿಹಾರದ ವೈದ್ಯರು 2024ರಲ್ಲಿ 'ಬಿಎಂಜೆ ಕೇಸ್ ರಿಪೋರ್ಟ್ಸ್' ಎಂಬ ವೈದ್ಯಕೀಯ ನಿಯತಕಾಲಿಕೆಯಲ್ಲಿ ಇಬ್ಬರು ಹಿರಿಯ ಮಹಿಳೆಯರ ಪ್ರಕರಣಗಳನ್ನು ವರದಿ ಮಾಡಿದರು. ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ಉಡುಗೆ ವರ್ಷಗಟ್ಟಲೆ ಒಂದೇ ಜಾಗವನ್ನು ಉಜ್ಜಿ, ಮಾಯದ ಹುಣ್ಣಾಗಿ, ಕೊನೆಗೆ ಅಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡಿತ್ತು. ಅವರಲ್ಲಿ ಒಬ್ಬರು ಲಂಗವಿಲ್ಲದೆಯೇ ಸೀರೆ ಉಡುತ್ತಿದ್ದವರು. ಅಂದರೆ ದೋಷ ಸೀರೆಯದೂ ಅಲ್ಲ, ಲಂಗದ್ದೂ ಅಲ್ಲ, ಬಿಗಿತದ್ದು.

ಇಂಥ ಪ್ರಕರಣಗಳು ಅಪರೂಪವಾದ್ದರಿಂದ ಭಯಪಡಬೇಕಿಲ್ಲ. ಆದರೆ ಸೊಂಟದಲ್ಲಿ ಕಪ್ಪು ಕಲೆ, ತುರಿಕೆ, ಚರ್ಮ ಸುಲಿಯುವುದು ಕಂಡರೆ ಕಡೆಗಣಿಸಬಾರದು. ತೆಳ್ಳನೆಯ ಲಾಡಿಯ ಬದಲು ಅಗಲ ಪಟ್ಟಿಯ ಹತ್ತಿ ಲಂಗ ಹೊಲಿಸಿಕೊಳ್ಳಬೇಕು. ಕಟ್ಟುವ ಜಾಗವನ್ನು ಆಗಾಗ ಬದಲಿಸಬೇಕು. ಮನೆಯಲ್ಲಿರುವಾಗ ಕೆಲವು ಹೊತ್ತು ಸಡಿಲ ಉಡುಪು ಧರಿಸಬೇಕು. ಮಾಯದ ಹುಣ್ಣು ಇದ್ದರೆ ವೈದ್ಯರಿಗೆ ತೋರಿಸಲೇಬೇಕು.

ಬೀಳುವುದನ್ನು ತಡೆಯುವುದೂ ಅಷ್ಟೇ ಮುಖ್ಯ. ಈ ಭಾಗದ ಬಹುತೇಕ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಕಲ್ಲು ಸವೆದು ನುಣುಪಾದ ಮೇಲೆ, ಒದ್ದೆಯಾದರೆ ಜಾರುತ್ತದೆ. ಸೀರೆಯ ಅಂಚು ಕಾಲ್ಬೆರಳ ಕೆಳಗೆ ಸಿಕ್ಕಿದರೆ ಮುಗ್ಗರಿಸುವುದು ಖಚಿತ. ಅಂಚು ಕಣಕಾಲಿನ ಮಟ್ಟದಲ್ಲಿ ನಿಲ್ಲುವಂತೆ ಉಡುವುದು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಳ್ಳುವುದು ಕ್ಷೇಮ. ಸೀರೆ ಭಾರವೆನಿಸುವವರು ಸಡಿಲ ಹತ್ತಿ ಕುರ್ತಾ, ಸಲ್ವಾರ್ ತೊಟ್ಟರೆ ಅದರಲ್ಲಿ ಸಂಕೋಚಪಡುವಂಥದ್ದೇನೂ ಇಲ್ಲ.

ಜೋಪಾನ ಹೀಗೆ

ಸುಣ್ಣಕಲ್ಲಿನ ನೆಲದ ಅಂತರ್ಜಲ ಸಾಮಾನ್ಯವಾಗಿ ಗಡಸು. ಅದರಲ್ಲಿ ಸಾಬೂನು ಸರಿಯಾಗಿ ನೊರೆಯಾಗದೆ, ಬಟ್ಟೆ ಬಿರುಸಾಗುತ್ತದೆ. ಕೈಮಗ್ಗದ ಸೀರೆಗಳಿಗೆ ಹಿಡಿದಿಟ್ಟ ಮಳೆನೀರು ಉತ್ತಮ. ಹೊಸ ಕಡುಬಣ್ಣದ ಸೀರೆಯನ್ನು ಮೊದಲೆರಡು ಸಲ ಬೇರೆಯಾಗಿಯೇ ಒಗೆದು ನೆರಳಿನಲ್ಲಿ ಒಣಗಿಸಬೇಕು. ರೇಷ್ಮೆ ಸೀರೆಯ ಮಡಿಕೆಯನ್ನು ಕೆಲವು ತಿಂಗಳಿಗೊಮ್ಮೆ ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲೇ ಹರಿಯುತ್ತದೆ.

ಬಣ್ಣ ಯಾರ ಆಯ್ಕೆ?

ವಯಸ್ಸಾದವರಿಗೆ, ಅದರಲ್ಲೂ ಪತಿಯನ್ನು ಕಳೆದುಕೊಂಡವರಿಗೆ ಮಾಸಲು ಬಣ್ಣವೇ ಸರಿ ಎಂಬ ಭಾವನೆ ಅನೇಕ ಕುಟುಂಬಗಳಲ್ಲಿ ಇಂದಿಗೂ ಉಳಿದಿದೆ. ಬಾಯಿಬಿಟ್ಟು ಯಾರೂ ನಿಷೇಧಿಸದಿದ್ದರೂ, ಉಡುಗೊರೆಯ ಸೀರೆ ಬೂದು ಅಥವಾ ಕಂದು ಬಣ್ಣದಲ್ಲೇ ಬರುತ್ತದೆ. ಅಂಗಡಿಯಲ್ಲಿ ಮಗನೋ ಸೊಸೆಯೋ ಆರಿಸಿದ್ದನ್ನು ಒಪ್ಪಿಕೊಂಡು ಸುಮ್ಮನಾಗುವ ತಾಯಂದಿರು ಬಹಳ. ಹಣ್ಣಾದ ಕೂದಲಿಗೆ ದಾಳಿಂಬೆ ಕೆಂಪು, ನವಿಲುಹಸಿರು, ಕಡುನೀಲಿ ಬಣ್ಣಗಳು ಚೆನ್ನಾಗಿಯೇ ಒಪ್ಪುತ್ತವೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿಯ ಗೋಪುರ, ತುಳಸಿಕಟ್ಟೆ ಮೂಡಿದರೆ ಬೇರೆ ಒಡವೆಯ ಹಂಗೂ ಬೇಡ.

ಮುಂದಿನ ಹಬ್ಬಕ್ಕೆ ಮನೆಯ ಹಿರಿಯರಿಗೆ ಸೀರೆ ತರುವವರು ಅವರನ್ನೂ ಅಂಗಡಿಗೆ ಕರೆದೊಯ್ಯಲಿ. ನಡೆಯಲಾಗದಿದ್ದರೆ ನಾಲ್ಕು ಸೀರೆಗಳನ್ನು ಮನೆಗೆ ತರಿಸಿ, ಮುಂದೆ ಹರವಿ, ಆಯ್ಕೆಯನ್ನು ಅವರಿಗೇ ಬಿಡಲಿ. ಅವರು ಕೆಂಪನ್ನು ಆರಿಸಿಕೊಂಡರೆ ಕೆಂಪನ್ನೇ ಕೊಡಿಸಲಿ.